ಅಣ್ಣನ ಕುರ್ಚಿಯ ಹಿಂದೆ

ಅತ್ತಿಗೆ ಜ್ವರ ಬಂದು ಮಲಗಿದ ದಿನವೇ ಅಣ್ಣ ಪೇಂಟರನ ಸತ್ತ ಮಗನ ಕ್ಷೇಮಸಮಾಚಾರ ವಿಚಾರಿಸಿದರು.

ವಿಚಾರಿಸಿದ್ದು ಅಷ್ಟೇ ಆಗಿದ್ದರೆ ಬಾಯಿ ತಪ್ಪಿ ಬಂತು ಅಂತ ಸಾರಿಸಿಬಿಡಬಹುದಿತ್ತು. "ಎಲ್ಲಯ್ಯಾ ನಿನ್ ಮಗ? ಕಂಬ ಹತ್ತೋದ್ರಲ್ಲಿ ಅವನನ್ನ ಮೀರಿಸೋರಿಲ್ಲ. ಈ ಸಲದ ಬ್ಯಾನರೂ ಅವನ ಕೈಲೇ ಕಟ್ಸು" ಅಂದರು, ನಗುನಗುತ್ತ, ಪೇಂಟರನ ಭುಜ ತಟ್ಟಿ. ಹೊರಕೋಣೆಯ ಬೆಂಚುಗಳ ಮೇಲಿದ್ದ ಜನ ತಲೆ ತಗ್ಗಿಸಿ ನೆಲ ನೋಡತೊಡಗಿದರು. ಹಿಂದಿನ ವರ್ಷ ಅಣ್ಣನ ಹುಟ್ಟುಹಬ್ಬದ ಬ್ಯಾನರ್ ಕಟ್ಟಲು ಕಂಬ ಹತ್ತಿದ್ದ ಆ ಹುಡುಗ ಕರೆಂಟು ಹೊಡೆದು ಅಲ್ಲೇ ಹೋಗಿದ್ದ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅಣ್ಣನೇ ಮೊದಲಿಗರು. ಪೇಂಟರ್ ಕೈಯಲ್ಲಿದ್ದ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟ, ಬಾಗಿಲ ಬಳಿ ರಾಶಿ ಬಿದ್ದಿದ್ದ ಚಪ್ಪಲಿಗಳಲ್ಲಿ ತನ್ನದನ್ನು ಹುಡುಕಿ ಮೆಟ್ಟಿದ, ಹೊರಟುಹೋದ.

ಅಣ್ಣನ ಮಗ ಧಡಧಡ ಅತ್ತಿಗೆ ಮಲಗಿದ್ದ ಕೋಣೆಗೆ ಬಂದ.

"ಅಮ್ಮಾ, ಇವತ್ತೇ ಮಲಗ್ಬೇಕಿತ್ತಾ ನೀನು?"

"ಜ್ವರ ನನ್ ಹತ್ರ ಅಪ್ಪಣೆ ತಗೊಂಡು ಬರುತ್ತೇನೋ? ಏನಾಯ್ತು?"

ಮಗ ಹೇಳಿದ. ಅತ್ತಿಗೆ ಹೊದಿಕೆ ಸರಿಸಿ ಎದ್ದು ಕೂತರು.

ಇಡೀ ಕ್ಷೇತ್ರಕ್ಕೆ ಆತ ಅಣ್ಣ, ಆಕೆ ಅತ್ತಿಗೆ. ಮುದುಕರೂ ಹಾಗೇ ಕರೆಯುತ್ತಾರೆ, ಶಾಲೆಗೆ ಹೋಗುವ ಮಕ್ಕಳೂ ಹಾಗೇ ಕರೆಯುತ್ತಾರೆ. ಅಣ್ಣ ಮೊದಲು ಬಸ್ ಕಂಡಕ್ಟರ್ ಆಗಿದ್ದವರು. ಸಂಬಳದ ಜಗಳದಲ್ಲಿ ಸಂಘದ ಮುಂದಾಳಾದರು, ಮುಷ್ಕರದಲ್ಲಿ ಲಾಠಿ ತಿಂದರು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚುವ ಮೊದಲೇ ಪುರಸಭೆಗೆ ನಿಂತು ಗೆದ್ದರು. ಅಲ್ಲಿಂದ ವಿಧಾನಸಭೆ. ಒಂದು ಸಲ ಸೋತರು, ಉಳಿದ ಸಲವೆಲ್ಲ ಗೆದ್ದರು. ನಡುವೆ ಸ್ವಲ್ಪ ಕಾಲ ಸಾರಿಗೆ ಮಂತ್ರಿಯೂ ಆಗಿ, ತಾವು ಸೀಟಿ ಊದುತ್ತಿದ್ದ ಡಿಪೋಗೆ ಕೆಂಪು ದೀಪದ ಕಾರಿನಲ್ಲಿ ಹೋಗಿ ಬಂದರು. ಸರ್ಕಾರ ಬಿತ್ತು, ದೀಪ ಹೋಯಿತು, ಹೊರಕೋಣೆಯ ಜನ ಮಾತ್ರ ಕಡಿಮೆಯಾಗಲಿಲ್ಲ. ಜನ ಬರುತ್ತಿದ್ದುದಕ್ಕೆ ಕಾರಣ ಒಂದೇ: ಅಣ್ಣನಿಗೆ ಎಲ್ಲರೂ ಗೊತ್ತು, ಎಲ್ಲರ ಮನೆ ಕಷ್ಟವೂ ಗೊತ್ತು.

ಗೊತ್ತಿದ್ದುದು ಅತ್ತಿಗೆಗೆ. ಅಣ್ಣನಿಗೆ ಮೊದಲಿನಿಂದಲೂ ಮುಖಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. "ಕಂಡಕ್ಟರ್ ಕೆಲಸದಲ್ಲಿ ನಾನು ನೋಡಿದ್ದೆಲ್ಲ ಬರೀ ಕೈಗಳು ಕಣೆ" ಅಂತ ತಾವೇ ನಗುತ್ತಿದ್ದರು. ಮೊದಲ ಚುನಾವಣೆಯಲ್ಲೇ ಗಂಡ ಹೆಂಡಿರಿಬ್ಬರೂ ಒಂದು ಉಪಾಯ ಕಂಡುಕೊಂಡರು. ಅತ್ತಿಗೆ ಚಹಾ ತಟ್ಟೆ ಹಿಡಿದು ಬರುವುದು, ಲೋಟ ಕೊಡುತ್ತ "ಏನ್ ಟೈಲರ್ರೇ, ಮಗಳ ಮದುವೆ ಆದ್ಮೇಲೆ ಈ ಕಡೆ ತಲೆನೇ ಹಾಕ್ಲಿಲ್ವಲ್ಲ" ಅನ್ನುವುದು. ಅಣ್ಣ ತಕ್ಷಣ "ಅಳಿಯ ಹೆಂಗಿದಾನಪ್ಪ?" ಅಂತ ಎತ್ತಿಕೊಳ್ಳುವುದು. ಜನ ಹೆಚ್ಚಿದ್ದರೆ ಅತ್ತಿಗೆ ಕುರ್ಚಿಯ ಹಿಂದೆ ನಿಂತು, ಫ್ಯಾನಿನ ಸದ್ದಿನಲ್ಲಿ ಅಣ್ಣನೊಬ್ಬರಿಗೇ ಕೇಳುವಷ್ಟು ಮೆಲ್ಲಗೆ "ಮೀನಂಗಡಿ, ತಾಯಿಗೆ ಕಣ್ಣು ಆಪರೇಷನ್" ಅಂದರೆ ಸಾಕು. ವರ್ಷಾನುಗಟ್ಟಲೆ ಹೀಗೇ ನಡೆಯಿತು. ಮಕ್ಕಳಿಗೂ ಇದು ಗೊತ್ತು, ಗೇಲಿಯನ್ನೂ ಮಾಡುತ್ತಿದ್ದರು. ಹೀಗೆ ಪ್ರತಿಯೊಂದನ್ನೂ ಕೇಳಿಸಿಕೊಂಡೇ ಬದುಕಿದ ಮನುಷ್ಯ ಯಾವತ್ತಿನಿಂದ ನಿಜವಾಗಿಯೂ ಮರೆಯತೊಡಗಿದ ಅನ್ನುವುದು ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಪಕ್ಕದಲ್ಲಿ ಮಲಗುವವರ ಗಮನಕ್ಕೂ.

ಜ್ವರ ಇಳಿದ ಬೆಳಿಗ್ಗೆ ಅತ್ತಿಗೆ ಊಟದ ಮೇಜಿನ ಬಳಿ ಬೇಕೆಂದೇ ಬಾಯಿ ಮುಚ್ಚಿಕೊಂಡು ಕೂತರು. ಅಣ್ಣ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಮೊಮ್ಮಗಳು ಶಾಲೆಯ ಬಟ್ಟೆ ಹಾಕಿಕೊಂಡು ಬಂದು ಎದುರಿಗೆ ಕೂತಳು.

"ಬಾಮ್ಮ, ಬಾ. ಯಾವ ಸ್ಕೂಲು?" ಅಂದರು ಅಣ್ಣ, ಹೊರಕೋಣೆಯ ದನಿಯಲ್ಲಿ. "ಅಪ್ಪ ಏನ್ ಕೆಲಸ ಮಾಡ್ತಾರೆ?"

"ನಿಮ್ ಹಿಂದೆ ಹಿಂದೆ ಓಡಾಡ್ತಾರೆ, ತಾತ" ಅಂದಳು ಹುಡುಗಿ, ಕಿಸಕ್ಕನೆ ನಕ್ಕು.

"ಒಳ್ಳೇದಾಯ್ತು. ಮನೇಲಿ ಎಲ್ಲಾ ಚೆನ್ನಾಗಿದಾರಾ?"

ಹುಡುಗಿಗೆ ಇದು ಆಟ. "ಎಲ್ಲಾ ಚೆನ್ನಾಗಿದಾರೆ, ಅಜ್ಜಿಗೆ ಮಾತ್ರ ಜ್ವರ ಬಂದಿತ್ತು" ಅಂದಳು. ಅಣ್ಣ ಮರುಕದಿಂದ ತಲೆಯಾಡಿಸಿ, "ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಹೇಳ್ತೀನಿ, ಕರ್ಕೊಂಡ್ ಹೋಗಮ್ಮ" ಅಂದರು. ಒಲೆಯ ಮುಂದಿದ್ದ ಸೊಸೆ ತಿರುಗಿ ಅತ್ತೆಯನ್ನು ನೋಡಿದಳು. ಮೊಟ್ಟೆ ಬಾಣಲೆಯಲ್ಲಿ ಸೀದುಹೋಯಿತು.

ಆ ಭಾನುವಾರ ಮಗಳು ಬಂದಳು. ಮಕ್ಕಳಲ್ಲಿ ಅವಳೇ ಹಿರಿಯವಳು. ಬಸ್ಸಿನಲ್ಲಿ ಅರ್ಧ ದಿನದ ದೂರದ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಅಪ್ಪನ ಹೆಸರು ಹೇಳಿ ಕೆಲಸ ಗಿಟ್ಟಿಸಿದಳು ಅನ್ನಿಸಿಕೊಳ್ಳಬಾರದು ಅಂತಲೇ ಅಷ್ಟು ದೂರ ಹೋದವಳು. ಬಾಗಿಲಲ್ಲಿ ಅಣ್ಣ ಅವಳಿಗೆ ಕೈಮುಗಿದು "ಬನ್ನಿ ಬನ್ನಿ, ಕೂತ್ಕೊಳ್ಳಿ" ಅಂದರು. ಅವಳು ಚೀಲವನ್ನು ಅಲ್ಲೇ ಕೆಳಗಿಟ್ಟು ನೇರ ಅಡುಗೆಮನೆಗೆ ನಡೆದಳು.

ಊಟಕ್ಕೆ ಕೂತಾಗಲೇ ಜಗಳ ಹತ್ತಿಕೊಂಡಿತು.

"ಎಷ್ಟು ದಿನದಿಂದ ಹಿಂಗಿದೆ?" ಮಗಳು ಕೇಳಿದಳು. "ತಲೆ ಸ್ಕ್ಯಾನ್ ಮಾಡಿಸ್ಬೇಕು. ನಾಳೆನೇ."

"ಚುನಾವಣೆ ಟಿಕೆಟ್ ಪಟ್ಟಿ ಬರೋವರೆಗೂ ಯಾವ ಆಸ್ಪತ್ರೆ ಮೆಟ್ಟಿಲೂ ಹತ್ತೋ ಹಾಗಿಲ್ಲ ಅಕ್ಕ" ಅಂದ ಮಗ. "ಯಾವನೋ ಒಬ್ಬ ಒಂದ್ ಫೋಟೋ ತೆಗ್ದು ಹಾಕಿದ್ರೆ ಮುಗೀತು. ನಮ್ ಪಕ್ಷದಲ್ಲೇ ಆ ಕಲ್ಲುಗಣಿಯವನು ಬಾಯಿ ಬಿಟ್ಕೊಂಡು ಕಾಯ್ತಿದಾನೆ ಈ ಸೀಟಿಗೆ."

"ಕೊಡ್ಲಿ ಬಿಡು ಅವನಿಗೇ."

"ಹೇಳೋದು ಸುಲಭ. ನೀನು ಭಾನುವಾರ ಬಂದು ಭಾನುವಾರ ಹೋಗೋಳು."

"ನಿಂಗೇ ಟಿಕೆಟ್ ಕೇಳು ಹಾಗಾದ್ರೆ. ಅಪ್ಪನ್ನ ಯಾಕೆ ಎಳೀತೀಯ?"

ಮಗನ ಕೈ ತಟ್ಟೆಯಲ್ಲೇ ನಿಂತಿತು. ಅವನಿಗೆ ಟಿಕೆಟ್ ಸಿಗುವುದಿಲ್ಲ ಅನ್ನುವುದು ಮನೆಯ ಬೆಕ್ಕಿಗೂ ಗೊತ್ತಿದ್ದ ವಿಷಯ. ಪುರಸಭೆಗೆ ನಿಂತು ಸೋತಿದ್ದ. ಪೇಂಟರನ ಹುಡುಗ ಕಂಬದ ಮೇಲೆ ಸತ್ತ ನಂತರವಂತೂ ಜನ ಅವನ ಮುಖ ನೋಡಿದರೆ ಮಾತು ನಿಲ್ಲಿಸುತ್ತಿದ್ದರು.

"ಅಕ್ಕ, ಇನ್ನೊಂದ್ ಸಲ ಮಾವ ಗೆದ್ರೆ ಇವರಿಗೂ ಒಂದು ದಾರಿ ಆಗುತ್ತೆ" ಅಂತ ಸೊಸೆ ನಡುವೆ ಬಂದಳು. "ಓಡಾಟ ಎಲ್ಲಾ ಇವರೇ ನೋಡ್ಕೋತಾರೆ. ಮಾವ ಸುಮ್ನೆ ಕೂತಿದ್ರೆ ಸಾಕು."

"ಮುಖ ಅಪ್ಪಂದು, ಕೈ ಇವನದು."

"ಹೌದು, ಏನ್ ತಪ್ಪು?" ಮಗ ದನಿ ಎತ್ತಿದ. "ಇಷ್ಟು ವರ್ಷ ಅಪ್ಪನ ಮುಖ, ಅಮ್ಮನ ತಲೆ ಇತ್ತಲ್ಲ, ಆಗ ಯಾರಿಗೂ ತಪ್ಪು ಅನ್ನಿಸ್ಲಿಲ್ವಾ?"

"ಆ ಹುಡುಗನ್ನ ಕಂಬ ಹತ್ತಿಸಿದ್ದೂ ನಿನ್ ಕೈಯೇ ಕಣೋ. ಕರೆಂಟ್ ತೆಗೆಸೋವರೆಗೂ ಕಾಯೋಕೆ ಆಗ್ಲಿಲ್ಲ ನಿಂಗೆ."

ಅಣ್ಣ ನೀರು ಕುಡಿದು ಲೋಟ ಕೆಳಗಿಟ್ಟರು. ಎರಡೂ ಕಡೆ ಸಮಾಧಾನದ ನೋಟ ಬೀರಿ, "ನಿಮ್ಮಿಬ್ಬರ ಕಷ್ಟಾನೂ ನಂಗೆ ಅರ್ಥ ಆಗುತ್ತೆ" ಅಂದರು. "ಕೂತು ಮಾತಾಡಿದ್ರೆ ಬಗೆಹರಿಯದೆ ಇರೋದು ಯಾವ್ದೂ ಇಲ್ಲ. ಒಂದು ಅರ್ಜಿ ಬರ್ಕೊಡಿ, ನಾನು ನೋಡ್ತೀನಿ."

ಮಗಳು ಎದ್ದು ಹೋಗಿ ನಲ್ಲಿ ಬಿಟ್ಟು ಮುಖ ತೊಳೆದಳು. ಬಹಳ ಹೊತ್ತು ತೊಳೆದಳು. ಹೊರಡುವಾಗ ತಾಯಿಯ ಕೈ ಹಿಡಿದು ಕೇಳಿದಳು:

"ನೀನು ಹೇಳಮ್ಮ. ನೀನು ಹೇಳಿದ್ರೆ ಅವನು ಎದುರು ಮಾತಾಡಲ್ಲ."

"ಪಟ್ಟಿ ಬರ್ಲಿ" ಅಂದರು ಅತ್ತಿಗೆ. "ಹೊರಕೋಣೆ ಬಾಗಿಲು ಹಾಕಿದ್ರೆ ಆ ಮನುಷ್ಯ ಉಳಿಯಲ್ಲ ಕಣೆ. ಬೆಳಿಗ್ಗೆ ಎದ್ದು ಶೇವ್ ಮಾಡ್ಕೊಳ್ಳೋದೇ ಜನ ಬರ್ತಾರೆ ಅಂತ."

"ಅವರು ಉಳಿಯಲ್ವೋ, ನೀನು ಉಳಿಯಲ್ವೋ?"

ಅತ್ತಿಗೆ ಮಗಳ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಅವಳ ಚೀಲಕ್ಕೆ ಎರಡು ಡಬ್ಬಿ ತುರುಕಿದರು. ಬಸ್ಸಿಗೆ ಹೊತ್ತಾಯಿತು ಅಂದರು.

ಅತ್ತ ಪೇಂಟರ್ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ್ದ. ಚುನಾವಣೆ ಹತ್ತಿರ ಬಂದಾಗ ಒಳ್ಳೆಯ ಗೋಡೆಗಳನ್ನು ಮೊದಲೇ ಹಿಡಿದಿಡಬೇಕು, ಸುಣ್ಣ ಬಳಿದು ಮೂಲೆಯಲ್ಲಿ ಪಕ್ಷದ ಗುರುತು ಹಾಕಿಬಿಟ್ಟರೆ ಬೇರೆಯವರು ಮುಟ್ಟುವುದಿಲ್ಲ. ಅಣ್ಣನ ಮೊದಲ ಚುನಾವಣೆಯಿಂದಲೂ ಆ ಕೆಲಸ ಪೇಂಟರನದೇ. ಅಣ್ಣನ ಮೂಗನ್ನು ನಾಲ್ಕೇ ಗೆರೆಯಲ್ಲಿ ಎಳೆಯಬಲ್ಲವನು ಅವನೊಬ್ಬನೇ. ಈ ಸಲ ಬಸ್ ನಿಲ್ದಾಣದ ಎದುರಿನ ಉದ್ದ ಗೋಡೆ ಖಾಲಿ ಬಿದ್ದಿತ್ತು. ಖಾಲಿ ಗೋಡೆ ನೋಡಿ ಜನ ಯಾಕೆ ಅಂತ ಕೇಳುತ್ತಿದ್ದರು, ಕೇಳಿದವರಿಗೆ ಉತ್ತರವೂ ಸಿಗುತ್ತಿತ್ತು. "ಅಣ್ಣ ಸತ್ತವರನ್ನೂ ಕಂಬ ಹತ್ತಿಸ್ತಾರಂತೆ" ಅನ್ನುವ ಮಾತು ಮೀನಂಗಡಿಯಲ್ಲಿ ಹುಟ್ಟಿ, ಕ್ಷೌರದಂಗಡಿಯಲ್ಲಿ ಕೈಕಾಲು ಬೆಳೆಸಿಕೊಂಡು, ಡ್ರೈವರನ ಬಾಯಲ್ಲಿ ಮನೆಗೇ ಬಂತು.

ಅತ್ತಿಗೆ ಒಬ್ಬರೇ ಪೇಂಟರನ ಮನೆಗೆ ಹೋದರು. ಕಾರನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿದರು. ಗಲ್ಲಿಯ ಕೊನೆಯಲ್ಲಿ ಮನೆ. ಬಾಗಿಲ ಬಳಿ ಖಾಲಿ ಬಣ್ಣದ ಡಬ್ಬಗಳು, ಒಳಗೆ ಟರ್ಪಂಟೈನ್ ವಾಸನೆ. ಪೇಂಟರನ ಹೆಂಡತಿ ಒಂದು ಡಬ್ಬ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹಾಸಿ, ಕೂರಲು ಕೊಟ್ಟಳು. ಪೇಂಟರ್ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ, ಎದ್ದು ನಿಂತು ಕೈಮುಗಿದು ಮತ್ತೆ ಕೂತ.

"ಆವತ್ತು ಅವರ ಮೈ ಕೆಂಡದ ಹಾಗೆ ಸುಡ್ತಿತ್ತು" ಅಂದರು ಅತ್ತಿಗೆ. "ಜ್ವರದ ಅಮಲಿನಲ್ಲಿ ಏನ್ ಮಾತಾಡ್ತಿದೀನಿ ಅಂತ ಅವರಿಗೇ ಗೊತ್ತಿರ್ಲಿಲ್ಲ."

"ಜ್ವರ ಬಂದಿದ್ದು ನಿಮಗಲ್ವಾ ಅತ್ತಿಗೆ?" ಪೇಂಟರನ ಹೆಂಡತಿ ಕೇಳಿದಳು, ದನಿ ಏರಿಸದೆ. "ಔಷಧಿ ಅಂಗಡೀಲಿ ನಿಮ್ ಸೊಸೆ ನನ್ ಪಕ್ಕದಲ್ಲೇ ನಿಂತಿದ್ರು. ಅತ್ತೆಗೆ ಮಾತ್ರೆ ಕೊಡಿ ಅಂತಿದ್ರು."

ಊರಿನವರ ಮನೆಮನೆಯ ಕಾಯಿಲೆ ನೆನಪಿಟ್ಟುಕೊಂಡಿದ್ದ ಅತ್ತಿಗೆಗೆ, ತಮ್ಮ ಮನೆಯ ಕಾಯಿಲೆಯೂ ಊರಿಗೆ ಗೊತ್ತಿರುತ್ತದೆ ಅನ್ನುವುದು ಹೊಳೆದಿರಲಿಲ್ಲ.

"ಬಿಡೇ" ಅಂದ ಪೇಂಟರ್ ಹೆಂಡತಿಗೆ. ಆಮೇಲೆ ಇವರ ಕಡೆ ತಿರುಗಿದ. "ಅತ್ತಿಗೆ, ನಂಗೆ ಒಂದೇ ಒಂದು ಹೇಳಿ. ಅಣ್ಣ ಆವತ್ತು ತಮಾಷೆ ಮಾಡಿದ್ರಾ, ಇಲ್ಲ ಮರೆತುಬಿಟ್ಟಿದ್ರಾ? ಎರಡ್ರಲ್ಲಿ ಯಾವ್ದು ಅಂತ ಹೇಳ್ಬಿಡಿ ಸಾಕು. ನಾನೇನೂ ಜಗಳಕ್ಕೆ ಬರಲ್ಲ. ಕಲ್ಲುಗಣಿಯವರು ಹೇಳಿ ಕಳಿಸಿದಾರೆ, ಅಲ್ಲಿಗೂ ಹೋಗಲ್ಲ. ಆದ್ರೆ ಗೊತ್ತಾಗ್ಬೇಕು. ಕಣ್ಣು ಮುಚ್ಚಿದ್ರೆ ಅವರು ನನ್ ಭುಜ ತಟ್ಟಿ ನಗ್ತಿರೋದೇ ಕಾಣುತ್ತೆ."

ಮರೆತರು ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಈ ಮನುಷ್ಯ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಾನೆ. ಅಂದುಬಿಟ್ಟರೆ ಆ ಮಾತು ಗಲ್ಲಿ ದಾಟುವಷ್ಟರಲ್ಲಿ ಟಿಕೆಟ್ ಹೋಗಿರುತ್ತದೆ, ಬೆಂಚುಗಳು ಖಾಲಿಯಾಗಿರುತ್ತವೆ, ಅಣ್ಣ ಶೇವ್ ಮಾಡಿಕೊಂಡು ಯಾರೂ ಇಲ್ಲದ ಕೋಣೆಯಲ್ಲಿ ಕೂತಿರುತ್ತಾರೆ.

"ಅವರಿಗೆ ನಿಮ್ಮ ಮೇಲೆ ತುಂಬಾ ಪ್ರೀತಿ" ಅಂದರು ಅತ್ತಿಗೆ.

ಪೇಂಟರ್ ನಿಧಾನವಾಗಿ ತಲೆಯಾಡಿಸಿದ. "ಸರಿ ಅತ್ತಿಗೆ" ಅಂದ. ಗಲ್ಲಿಯ ತುದಿಯವರೆಗೂ ಕಳಿಸಿಕೊಡಲು ಬರಲಿಲ್ಲ. ಹಿಂದೆಲ್ಲ ಬರುತ್ತಿದ್ದ.

ಪಕ್ಷದ ಅಧ್ಯಕ್ಷರು ಊಟಕ್ಕೆ ಬರುವ ದಿನ ಮನೆಯಲ್ಲಿ ಬೆಳಗಿನಿಂದಲೇ ಧಾವಂತ. ಸೊಸೆ ಕೋಳಿ ಬೇಯಿಸಿದಳು, ಮೀನು ಹುರಿದಳು, ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ ಅಂತ ಸಿಹಿಯನ್ನು ಮೇಜಿನಿಂದ ದೂರವಿಟ್ಟಳು. ಮಗ ಅಪ್ಪನಿಗೆ ತಾನೇ ಅಂಗಿಯ ಗುಂಡಿ ಹಾಕಿದ. ಅತ್ತಿಗೆ ಬಡಿಸುವ ನೆಪದಲ್ಲಿ ಕುರ್ಚಿಯ ಹಿಂದೆಯೇ ನಿಂತರು.

"ಇನ್ನೊಂಚೂರು ಹಾಕ್ಕೊಳ್ಳಿ ಅಧ್ಯಕ್ಷರೇ. ಮಂಡಿ ನೋವು ಹೆಂಗಿದೆ? ಮೆಟ್ಟಿಲು ಹತ್ತೋಕೆ ಬಿಡ್ತಾರಾ ಡಾಕ್ಟ್ರು?"

"ಆಪರೇಷನ್ ಮಾಡಿಸ್ಬಿಡ್ರಪ್ಪ" ಅಂದರು ಅಣ್ಣ ತಕ್ಷಣ. "ನಡೆಯೋ ಕಾಲು ಗಟ್ಟಿ ಇದ್ರೆ ಪಕ್ಷ ಗಟ್ಟಿ." ಅಧ್ಯಕ್ಷರು ಗಹಗಹಿಸಿ ನಕ್ಕರು. ಆ ಸೊಗಸು ಅಣ್ಣನನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಎಳೆಯ ತುದಿಯೊಂದನ್ನು ಕೈಗಿಟ್ಟರೆ ಸಾಕು, ಉಳಿದ ಬಟ್ಟೆಯನ್ನು ತಾವೇ ನೇಯುತ್ತಿದ್ದರು. ಮುಷ್ಕರದ ಕಥೆ ಹೇಳಿದರು, ಲಾಠಿ ಬಿದ್ದ ಜಾಗ ತೋರಿಸಿದರು. ಅದನ್ನೇ ಮತ್ತೊಮ್ಮೆ ಹೇಳಲು ಹೊರಟಾಗ ಅತ್ತಿಗೆ ಅವರ ತಟ್ಟೆಗೆ ಅನ್ನ ಬಡಿಸಿ ಮಾತು ತಿರುಗಿಸಿದರು.

ಅಧ್ಯಕ್ಷರು ಕೈ ಒರೆಸಿಕೊಳ್ಳುತ್ತ ಮಗನನ್ನು ಹತ್ತಿರ ಕರೆದರು. "ಟಿಕೆಟ್ ಅಣ್ಣಂಗೇ. ಆದ್ರೆ ಆ ಪೇಂಟರ್ ಕಥೆ ಮೇಲಿನವರೆಗೂ ಬಂದಿದೆ. ಅದನ್ನ ಜನರ ಮುಂದೆ ಸರಿ ಮಾಡ್ಬಿಡಿ. ಅವನನ್ನ ಕರೆಸಿ, ಅಣ್ಣ ನಾಲ್ಕು ಒಳ್ಳೆ ಮಾತಾಡ್ಲಿ. ಪತ್ರಿಕೆಯವರನ್ನ ನಾನೇ ಕಳಿಸ್ತೀನಿ."

"ಆಗ್ಲಿ ಸಾರ್" ಅಂದ ಮಗ. ತಾಯಿಯ ಕಡೆ ನೋಡಿದ. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ.

ಪೇಂಟರನನ್ನು ಹೇಗೆ ಒಪ್ಪಿಸಿದರೋ ಅತ್ತಿಗೆಗೆ ಗೊತ್ತಿಲ್ಲ. ಡ್ರೈವರ್ ಎರಡು ಸಲ ಹೋಗಿ ಬಂದಿದ್ದ. ಆ ಬೆಳಿಗ್ಗೆ ಹೊರಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಯಾಮೆರಾದವರು ಕಿಟಕಿ ಹತ್ತಿ ಕೂತಿದ್ದರು. ಪೇಂಟರ್ ಒಗೆದ ಅಂಗಿ ಹಾಕಿಕೊಂಡು, ಹೆಂಡತಿಯ ಜೊತೆ, ಬಾಗಿಲಲ್ಲಿ ನಿಂತ.

ಮಗ ಕುರ್ಚಿಯ ಹಿಂದೆ ನಿಂತಿದ್ದ ತಾಯಿಯ ಕಿವಿಯ ಬಳಿ ಬಾಗಿದ. "ಹೇಳಮ್ಮ. 'ಪೇಂಟರು, ಮಗ ತೀರ್ಕೊಂಡಿದಾನೆ, ಸಮಾಧಾನ ಹೇಳಿ' ಅಂತ. ಅಷ್ಟೇ. ಮೆಲ್ಲಗೆ."

ಅಣ್ಣ ಬಾಗಿಲ ಕಡೆ ನೋಡಿ ಮುಗುಳ್ನಕ್ಕರು. ಬಾಯಿ ತೆರೆದರು, ತಡೆದರು. ಎಡಗಿವಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕಾದರು. ಪೇಂಟರನ ಕಣ್ಣು ಅಣ್ಣನ ಮೇಲಿರಲಿಲ್ಲ, ಅಣ್ಣನ ವಾಲಿದ ಕಿವಿಯ ಮೇಲಿತ್ತು. ಅಲ್ಲಿಂದ ಮೆಲ್ಲಗೆ ಮೇಲೆದ್ದು ಅತ್ತಿಗೆಯ ಬಾಯಿಯ ಮೇಲೆ ನಿಂತಿತು.

ಅತ್ತಿಗೆ ಕುರ್ಚಿಯ ಹಿಂದಿನಿಂದ ಮುಂದಕ್ಕೆ ಬಂದರು.

"ರೀ, ಇವರು ಪೇಂಟರು" ಅಂದರು, ಕೋಣೆಯ ಕೊನೆಯ ಬೆಂಚಿಗೂ ಕೇಳುವಂತೆ. "ನಿಮ್ಮ ಹುಟ್ಟುಹಬ್ಬದ ಬ್ಯಾನರ್ ಕಟ್ಟೋಕೆ ಹೋಗಿ ಇವರ ಮಗ ಕಂಬದ ಮೇಲೆ ಸತ್ತ. ನೀವೇ ಹೆಗಲು ಕೊಟ್ರಿ. ಅದು ನಿಮಗೆ ನೆನಪಿಲ್ಲ. ಯಾವ್ದೂ ನೆನಪಿಲ್ಲ. ಇವರು ಯಾರು ಅಂತಾನೂ ನಿಮಗೆ ಈಗ ಗೊತ್ತಿಲ್ಲ. ಪೇಂಟರೇ, ಇವರು ತಮಾಷೆ ಮಾಡ್ಲಿಲ್ಲ. ಮರೆತ್ರು."

ಅಣ್ಣ ಹೆಂಡತಿಯ ಮುಖ ನೋಡಿದರು, ಪೇಂಟರನ ಮುಖ ನೋಡಿದರು. ಅವರ ಬಾಯಿ ಸೊಟ್ಟಗಾಯಿತು.

"ಸತ್ನಾ?" ಅಂದರು. "ಯಾವಾಗ? ಅಯ್ಯೋ, ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಕುರ್ಚಿಯಿಂದ ಎದ್ದವರು ತೂರಾಡುತ್ತ ಹೋಗಿ ಪೇಂಟರನನ್ನು ತಬ್ಬಿಕೊಂಡರು. ಹೆಗಲ ಮೇಲೆ ತಲೆಯಿಟ್ಟು, ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಗೋಳೋ ಎಂದು ಅತ್ತರು. ಅವರ ಪಾಲಿಗೆ ಅದು ಆಗಷ್ಟೇ ಬಂದ ಸುದ್ದಿಯೇ. "ಯಾರಪ್ಪಾ ಹತ್ತಿಸಿದ್ದು ಅವನನ್ನ? ಕರೆಂಟ್ ಇರೋ ಕಂಬಕ್ಕೆ ಹತ್ತು ಅಂತ ಯಾರ್ ಹೇಳಿದ್ದು?"

ಮಗನ ಮುಖ ಸುಣ್ಣವಾಯಿತು. ಒಂದು ಕ್ಷಣ ಅಷ್ಟೇ. ಅಷ್ಟರಲ್ಲೇ ಕ್ಯಾಮೆರಾಗಳು ಚಟಪಟ ಅನ್ನತೊಡಗಿದ್ದವು, ಬೆಂಚುಗಳ ಮೇಲಿದ್ದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮಗ ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಪತ್ರಿಕೆಯವರ ಕಡೆ ತಿರುಗಿದ.

"ಆ ದಿನದಿಂದ ಅಪ್ಪ ಹಿಂಗೇ" ಅಂದ, ಗದ್ಗದ ದನಿಯಲ್ಲಿ. "ಆ ಹುಡುಗ ಹೋದ ಅನ್ನೋದನ್ನ ಅವರ ಮನಸ್ಸು ಒಪ್ತಾನೇ ಇಲ್ಲ. ಆವತ್ತು ಅವನು ಎಲ್ಲಿ ಅಂತ ಕೇಳಿದ್ದೂ ಅದಕ್ಕೇ. ಅಮ್ಮ ದಿನಾ ಹೇಳ್ಬೇಕು. ದಿನಾ ಹೀಗೇ ಅಳ್ತಾರೆ."

ಮರುದಿನದ ಪತ್ರಿಕೆಗಳಲ್ಲಿ ಅದೇ ಚಿತ್ರ, ಅದೇ ಮಾತು. ಕಾರ್ಯಕರ್ತನ ಸಾವನ್ನು ಇಂದಿಗೂ ಒಪ್ಪದ ನಾಯಕ. ಅತ್ತಿಗೆ ಹೇಳಿದ್ದೆಲ್ಲವೂ ಅಕ್ಷರ ತಪ್ಪದೆ ಅಚ್ಚಾಗಿತ್ತು, ಆದರೆ ಓದಿದವರಿಗೆ ಅದರಲ್ಲಿ ಮರೆವು ಕಾಣಲಿಲ್ಲ, ದುಃಖ ಕಂಡಿತು. ಸಂಜೆಗೆ ಟಿಕೆಟ್ ಬಂತು. ಕಲ್ಲುಗಣಿಯವನೇ ಹೂಗುಚ್ಛ ಕಳಿಸಿದ. ಮಗಳು ಫೋನ್ ಮಾಡಿ, "ಹೇಳ್ಬಿಟ್ಯಲ್ಲಮ್ಮ" ಅಂತ ಶುರುಮಾಡಿ, ಅಷ್ಟಕ್ಕೇ ಇಟ್ಟುಬಿಟ್ಟಳು.

ಮಗ ಊಟದ ಮೇಜಿನಲ್ಲಿ ಹುರುಪಿನಲ್ಲಿದ್ದ. "ಅಮ್ಮ, ನಾಳಿದ್ದು ನೇಕಾರರ ಕೇರಿಗೆ ಹೋಗ್ಬೇಕು. ಅಲ್ಲೂ ಒಂದು ಮನೇಲಿ ಸಾವಾಗಿದೆ, ನಮ್ಮ ಹಳೇ ಕಾರ್ಯಕರ್ತ. ನಿನ್ನೆ ಹೇಳಿದ್ಯಲ್ಲ, ಅದೇ ದನೀಲಿ, ಅಷ್ಟೇ ಗಟ್ಟಿಯಾಗಿ."

"ನಾನಿನ್ನು ಆ ಕುರ್ಚಿ ಹಿಂದೆ ನಿಲ್ಲಲ್ಲ."

"ತಮಾಷೆ ಮಾಡ್ಬೇಡ."

"ಈ ಮನೇಲಿ ತಮಾಷೆ ಯಾರು ಮಾಡ್ತಿದಾರೆ ಅಂತ ನಂಗೂ ಗೊತ್ತಾಗ್ತಿಲ್ಲಪ್ಪ. ನಾನು ನಿಲ್ಲಲ್ಲ ಅಂದ್ರೆ ನಿಲ್ಲಲ್ಲ."

"ಹಾಗಾದ್ರೆ ಅಪ್ಪನ್ನ ನೀನೇ ಬೀದಿ ಪಾಲು ಮಾಡಿದ ಹಾಗೆ. ಆಮೇಲೆ ಅಳ್ಬೇಡ" ಅಂತ ಮಗ ತಟ್ಟೆ ತಳ್ಳಿ ಎದ್ದ. ಸೊಸೆ ಆ ತಟ್ಟೆ ಎತ್ತಿಕೊಂಡಳು. ಮರುದಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ, ಸಹಜವೆಂಬಂತೆ, ಸೈಕಲ್ ಅಂಗಡಿಯವನಿಗೆ ಎಷ್ಟು ಮಕ್ಕಳು, ಅಂಚೆಯವನ ಹೆಂಡತಿಗೆ ಏನು ಕಾಯಿಲೆ ಅಂತೆಲ್ಲ ಕೇಳತೊಡಗಿದಳು. ಅತ್ತಿಗೆಗೆ ಉತ್ತರ ಹೇಳುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅರ್ಧ ಕ್ಷೇತ್ರವನ್ನು ಹೇಳಿ ಮುಗಿಸಿದ ಮೇಲೆ ತಾವು ಏನು ಮಾಡುತ್ತಿದ್ದೇವೆ ಅನ್ನುವುದು ಹೊಳೆಯಿತು. ಅಷ್ಟರಲ್ಲಿ ಸೊಸೆ ಕೈ ತೊಳೆದುಕೊಂಡು ಹೋಗಿದ್ದಳು.

ಆ ವಾರದ ಕೊನೆಗೆ ಪೇಂಟರ್ ಹಿತ್ತಲ ಬಾಗಿಲಿಗೆ ಬಂದ. ಮುಂದಿನ ಬಾಗಿಲಲ್ಲಿ ಜನ ತುಂಬಿದ್ದರು. ಅತ್ತಿಗೆ ಅಕ್ಕಿ ಆರಿಸುತ್ತಿದ್ದರು.

"ಅತ್ತಿಗೆ, ಆವತ್ತು ನೀವು ಹೇಳಿದ್ದು ನಿಜ ತಾನೇ? ನಿಮ್ ಮಗ ಹೇಳಿದ್ದಲ್ಲ, ನೀವು ಹೇಳಿದ್ದು."

"ನಿಜ."

"ಅಣ್ಣ ನನ್ನ ಅಪ್ಪಿಕೊಂಡಾಗಲೇ ಗೊತ್ತಾಯ್ತು. ಹೆಣ ಎತ್ತಿದ ದಿನಾನೂ ಅವರು ಅಷ್ಟು ಅತ್ತಿರ್ಲಿಲ್ಲ." ಮೆಟ್ಟಿಲ ಮೇಲೆ ಕೂತ. "ಅವತ್ತಿಂದ ನಿದ್ದೆ ಬರ್ತಿದೆ. ಅದನ್ನ ಹೇಳೋಣ ಅಂತಲೇ ಬಂದೆ. ಇನ್ನೊಂದು ಮಾತು. ಬಸ್ ಸ್ಟ್ಯಾಂಡ್ ಗೋಡೆ ಬರೀಬೇಕು ಅಂತ ನಿಮ್ ಮಗ ಹೇಳಿ ಕಳಿಸಿದಾರೆ. ನಾನೂ ಅಣ್ಣನೂ ತಬ್ಬಿಕೊಂಡಿರೋ ಚಿತ್ರ. ನನ್ನ ಮುಖ ನಾನೇ ಬರೀಬೇಕಂತೆ." ಅಂಗೈ ತಿರುಗಿಸಿ, ಉಗುರ ಸಂದಿಯ ಹಳೆಯ ಬಣ್ಣ ನೋಡಿಕೊಂಡ. "ನೀವು ಹೇಳಿ. ಬರೀಲಾ?"

"ಬೇಡ" ಅಂದರು ಅತ್ತಿಗೆ.

"ನಾನು ಬರೀದಿದ್ರೆ ಇನ್ನೊಬ್ಬ ಬರೀತಾನೆ."

"ಬರ್ಕೊಳ್ಲಿ. ನೀವು ಬರೀಬೇಡಿ."

ಪೇಂಟರ್ ಮೆಟ್ಟಿಲ ಮೇಲೆ ಬಿದ್ದಿದ್ದ ಅಕ್ಕಿಕಾಳೊಂದನ್ನು ಹೆಕ್ಕಿ ತಟ್ಟೆಗೆ ಹಾಕಿದ. "ಅಣ್ಣಂಗೆ ಏನೂ ನೆನಪಿಲ್ಲ ಅಂತ ಗೊತ್ತಿದ್ದೂ ಮತ್ಯಾಕೆ ಓಟು ಕೇಳ್ತಿದೀರ ಅತ್ತಿಗೆ?" ಅಂತ ಕೇಳಿದ. ಉತ್ತರಕ್ಕೆ ಕಾಯಲಿಲ್ಲ. ಎದ್ದು, ಅಂಗಿ ಕೊಡವಿಕೊಂಡು, ಹಿತ್ತಲ ಗೇಟು ಹಾಕಿಕೊಂಡು ಹೋದ.

ಹೊರಕೋಣೆಯಿಂದ ನಗು ಕೇಳಿಬರುತ್ತಿತ್ತು. ಅಣ್ಣನ ದನಿ ದೊಡ್ಡದಾಗಿತ್ತು, "ತಾಯಿ ಕಣ್ಣು ಹೆಂಗಿದೆಯಪ್ಪ?" ಅನ್ನುತ್ತಿತ್ತು. ಅದಕ್ಕೂ ಮೊದಲು ಇನ್ನೊಂದು ಸಣ್ಣ ದನಿ ಇದ್ದಿರಬೇಕು, ಅದು ಅಡುಗೆಮನೆಯವರೆಗೆ ಕೇಳುವಂಥದ್ದಲ್ಲ. ಅತ್ತಿಗೆ ಅಕ್ಕಿಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು ಆರಿಸತೊಡಗಿದರು.

ಸ್ವಲ್ಪ ಹೊತ್ತಿಗೆ ಸೊಸೆ ಖಾಲಿ ಚಹಾ ತಟ್ಟೆ ಹಿಡಿದು ಅವಸರದಿಂದ ಒಳಗೆ ಬಂದಳು. ಹಣೆಯಲ್ಲಿ ಬೆವರಿತ್ತು.

"ಅತ್ತೆ, ಎಲ್ಲಾ ಸರಿಯಾಗೇ ನಡೀತಿದೆ" ಅಂದಳು. "ಒಂದೇ ತೊಂದ್ರೆ. ಹಿಂದೆ ನಿಂತಿರೋ ಹುಡುಗಿ ಯಾರು ಅಂತ ಮಾವ ಗಳಿಗೆಗೊಂದ್ಸಲ ನನ್ ಕಡೆ ತಿರುಗಿ ತಿರುಗಿ ನೋಡ್ತಾರೆ. ಜನರ ಮುಂದೇನೇ ಕೇಳಿಬಿಡ್ತಾರೇನೋ. ಏನ್ ಹೇಳ್ಲಿ?"

ಅತ್ತಿಗೆ ಅಕ್ಕಿಯಿಂದ ಕಲ್ಲೊಂದನ್ನು ಹೆಕ್ಕಿ ಕಿಟಕಿಯಾಚೆ ಎಸೆದರು. ತಲೆ ಎತ್ತಲಿಲ್ಲ.

"ಅದು ನಾನೇ, ಅವರ ಹೆಂಡ್ತಿ, ಅಂತ ಹೇಳು" ಅಂದರು.